ದೋಣಿಯ ಹೆಸರು ಓದೋದು ಹೆಂಗ್ರಿ?

ಪ್ರಶ್ನೆ: ಕಯಾಕ್ ದೋಣಿಯ ಮೇಲೆ ‘ಎನ್-ಓ-ಆರ್-ಡಿ-ಕೆ-ಎ-ಪಿ-ಪಿ’ ಎಂದು ಬರೆದದ. ‘ನಾರ್ಡ್‌ಕ್ಯಾಪ್’ ಅಂದ್ರ ಸರಿ ಏನ್ರಿ?
– ಓದುಗರು, ಬೀದರ್

ಉತ್ತರ: ಮೂಲ ಉಚ್ಚಾರ ‘ನೂರ್‌ಕಪ್’. ಇದು ನಾರ್ವೆಯ ಉತ್ತರ ತುದಿಯ ಒಂದು ಭೂಶಿರದ ಹೆಸರು. ‘ನೂರ್’ ಎಂದರೆ ಉತ್ತರ. ಬೀದರ್ ಸಂತೆಯಲ್ಲಿ ‘ನೂರ್ ರೂಪಾಯಿ’ ಅನ್ನುತ್ತೀರಲ್ಲ, ಹತ್ತಿರ ಹತ್ತಿರ ಅದೇ ನೂರ್. ಇಲ್ಲಿ ‘ಓ’ ದೀರ್ಘ ‘ಊ’ ಆಗುತ್ತದೆ, ‘ಡಿ’ ಉಚ್ಚಾರವಾಗುವುದಿಲ್ಲ. ಎಡವುವುದು ಕೊನೆಯಲ್ಲಿ. ‘ಪಿ’ ಎರಡಿರುವುದರಿಂದ ಹಿಂದಿನ ಸ್ವರ ಹ್ರಸ್ವ, ‘ಕಾಪ್’ ಎಂದು ಎಳೆಯಬೇಡಿ. ‘ಕಪ್ಪು’ ಎನ್ನಲು ಹೊರಟು, ತುಟಿ ಬಿಗಿದ ಮೇಲೆ ‘ಉ’ ಬಿಟ್ಟುಬಿಡಿ. ಒತ್ತು ‘ನೂ’ ಮೇಲೆ.

ದೋಣಿ ಬ್ರಿಟನ್ನಿನದು. ಅಲ್ಲಿಯವರು ‘ನಾರ್ಡ್‌ಕ್ಯಾಪ್’ ಎನ್ನುತ್ತಾರೆ. ಬಿಡಿಭಾಗ ಕೇಳುವಾಗ ಹಾಗೇ ಹೇಳಿ, ಬೇಗ ತಿಳಿಯುತ್ತದೆ.