ಕೃತಜ್ಞತೆಯ ಡೈರಿ ಐದೇ ದಿನಕ್ಕೆ ನಿಂತಿದ್ದಕ್ಕೆ

ಕೆಲಸ ಇನ್ನೂ ಸಿಕ್ಕಿಲ್ಲ, ಡಿಸೆಂಬರ್ 31ರ ರಾತ್ರಿ ಚರ್ಚ್‌ನಲ್ಲಿ ಆರಾಧನೆ ಮುಗಿಸಿ ಬಂದು ಶುರು ಮಾಡಿದ ಕೃತಜ್ಞತೆಯ ಡೈರಿಯೂ ಐದೇ ದಿನಕ್ಕೆ ನಿಂತಿತು, ಭಕ್ತಿ ಕಡಿಮೆಯಾಯಿತಾ ಅಂತ ಕೇಳಿದ್ದೀರಿ. ಅದು ನಿಂತಿದ್ದು ಭಕ್ತಿ ಕಡಿಮೆಯಾಗಿ ಅಲ್ಲ, ದಿನಾ 'ಮನೆಯವರು, ಆರೋಗ್ಯ, ಊಟ' ಅಂತ ಅದನ್ನೇ ಬರೆದು ಬೇಜಾರಾಗಿರಬೇಕು. ನನಗೂ ಹಾಗೇ ಆಗಿತ್ತು.

ಮೊದಲು ಬೈಬಲಿನ ಕೀರ್ತನೆ 136 ಓದಿ. 26 ವಚನಕ್ಕೂ ಪಲ್ಲವಿ ಒಂದೇ, ಆದರೆ ಸೂರ್ಯ, ಚಂದ್ರ, ಕೆಂಪು ಸಮುದ್ರ ಅಂತ ಒಂದೊಂದನ್ನೇ ಹೆಸರು ಹಿಡಿದು ಹೇಳುತ್ತದೆ. ನೀವೂ ಹಾಗೇ ಬರೆಯಿರಿ: ಮೆಟ್ರೋದಲ್ಲಿ ಸರಿದು ಜಾಗ ಕೊಟ್ಟ ಅಜ್ಜಿ, ಲೇಟಾಗಿ ಬಂದಾಗ ಪಿಜಿ ಆಂಟಿ ಎತ್ತಿಟ್ಟಿದ್ದ ಎರಡು ಚಪಾತಿ. ದಿನಕ್ಕೆ ಒಂದೇ ಸಾಲು ಸಾಕು. ಭಾನುವಾರ ಅವರಲ್ಲಿ ಒಬ್ಬರಿಗೆ ಥ್ಯಾಂಕ್ಸ್ ಹೇಳಿ, ಇದು ಡೈರಿಗಿಂತ ಕಷ್ಟ.

ಕೆಲಸ ಸಿಗದ ಸಿಟ್ಟನ್ನೂ ಪ್ರಾರ್ಥನೆಯಲ್ಲಿ ಹೇಳಿಬಿಡಿ, ಸುಮ್ನೆ ಮುಚ್ಚಿಡಬೇಡಿ. ನನಗೆ ರಾತ್ರಿಗಿಂತ ಬೆಳಿಗ್ಗೆ ಬರೆಯೋದು ಸರಿಹೋಯಿತು, ನಿಮಗೆ ಹೇಗೋ ನೋಡಿ. ಬಿಟ್ಟುಹೋದ ಪುಟ ತುಂಬಿಸೋಕೆ ಹೋಗಬೇಡಿ, ಇವತ್ತಿನ ತಾರೀಖು ಹಾಕಿ.