ಇತ್ತೀಚೆಗೆ ಓದಿದ ಪುಸ್ತಕಗಳಲ್ಲಿ ನಿಮ್ಮನ್ನು ಕಾಡಿದ್ದು ಯಾವುದು, ಯಾಕೆ?

ಕತೆಯ ಸಾರಾಂಶ ಬೇಡ, ಓದಿದವರಿಗೆ ಏನನ್ನಿಸಿತು ಅಂತ ಹೇಳಿ ಎಂದು ಕೇಳಿದ್ದೀರಿ. ಕೆಲಸದ ನಡುವೆ ಓದುತ್ತೀನಿ, ದಪ್ಪ ಪುಸ್ತಕ ಸದ್ಯಕ್ಕೆ ಆಗೋದಿಲ್ಲ ಅಂತಲೂ ಬರೆದಿದ್ದೀರಿ. ಹಾಗಾಗಿ ನಾನು ಈಚೆಗೆ ಓದಿದ ಸಣ್ಣ ಪುಸ್ತಕಗಳ ಬಗ್ಗೆಯೇ ಹೇಳ್ತೀನಿ. ಅಲ್ಲಲ್ಲಿ ಕತೆ ಸ್ವಲ್ಪ ಬರುತ್ತದೆ. ಅದಿಲ್ಲದೆ ನನ್ನ ಮಾತು ಅರ್ಥ ಆಗೋದಿಲ್ಲ. ಕೊನೆ ಮಾತ್ರ ಆದಷ್ಟು ಬಿಟ್ಟುಕೊಡುವುದಿಲ್ಲ.

ವಿವೇಕ ಶಾನಭಾಗರ 'ಘಾಚರ್ ಘೋಚರ್', ದೇವನೂರ ಮಹಾದೇವ ಅವರ 'ಒಡಲಾಳ', ಬಾನು ಮುಷ್ತಾಕ್ ಅವರ ಕತೆಗಳು. ಈ ಮೂರನ್ನು ಒಂದರ ಹಿಂದೆ ಒಂದು ಓದಿದೆ. ಬೇರೆ ಬೇರೆ ಕಾಲದವು, ಬೇರೆ ಬೇರೆ ಊರಿನವು. ಆದರೆ ಮೂರೂ ನನಗೆ ಒಂದೇ ಪ್ರಶ್ನೆ ಕೇಳಿದವು. ಒಂದು ಮನೆಗೆ ಅನ್ನ ಎಲ್ಲಿಂದ ಬರುತ್ತದೆ, ಅದಕ್ಕಾಗಿ ಆ ಮನೆಯವರು ಏನೇನಕ್ಕೆ ಬಾಯಿ ಮುಚ್ಚಿಕೊಂಡು ಇರಬೇಕಾಗುತ್ತದೆ?

'ಘಾಚರ್ ಘೋಚರ್' 2013ರಲ್ಲಿ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ಬಂತು. ಶ್ರೀನಾಥ್ ಪೇರೂರ್ ಮಾಡಿದ ಇಂಗ್ಲಿಷ್ ಅನುವಾದ ಬಂದ ಮೇಲೆ ಹೊರಗಿನವರೂ ತುಂಬ ಜನ ಓದಿದರು. ಬೆಂಗಳೂರಿನ ಒಂದು ಮಧ್ಯಮ ವರ್ಗದ ಕುಟುಂಬ. ಅಪ್ಪನದು ಅಂಗಡಿ ಅಂಗಡಿ ಸುತ್ತುವ ಮಾರಾಟದ ಕೆಲಸ. ಇರುವೆ ಮುತ್ತುವ ಸಣ್ಣ ಮನೆ. ಒಂದು ದಿನ ಅಪ್ಪನ ಲೆಕ್ಕ ತಾಳೆಯಾಗದಿದ್ದರೆ ಮನೆ ಮಂದಿಯೆಲ್ಲ ಕೂತು ದುಡ್ಡು ಎಣಿಸುತ್ತಾರೆ, ಮತ್ತೆ ಕೂಡುತ್ತಾರೆ, ಮತ್ತೆ ಕಳೆಯುತ್ತಾರೆ. ಆ ಭಾಗ ಓದುವಾಗ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಸಂಬಳದ ಮೇಲೆ ಬದುಕಿದ ಮನೆಯಲ್ಲಿ ಬೆಳೆದ ಯಾರಿಗಾದರೂ ಆ ರಾತ್ರಿ ಗೊತ್ತಿರುತ್ತದೆ. ಆಮೇಲೆ ಚಿಕ್ಕಪ್ಪ ಮಸಾಲೆ ಪುಡಿ ವ್ಯಾಪಾರ ಶುರು ಮಾಡುತ್ತಾರೆ. ದುಡ್ಡು ಬರುತ್ತದೆ. ದೊಡ್ಡ ಮನೆ, ಒಬ್ಬೊಬ್ಬರಿಗೆ ಒಂದೊಂದು ಕೋಣೆ. ನಿರೂಪಕನಿಗೆ ಕಂಪನಿಯಲ್ಲಿ ಹುದ್ದೆ ಇದೆ, ಸಂಬಳ ಇದೆ, ಕೆಲಸ ಮಾತ್ರ ಇಲ್ಲ. ಅವನು ಕಾಫಿ ಹೌಸಿನಲ್ಲಿ ಕೂತು ವೇಟರ್ ವಿನ್ಸೆಂಟ್‌ನ ಹತ್ತಿರ ಸಮಾಧಾನ ಹುಡುಕುತ್ತಾನೆ.

ಈ ಪುಸ್ತಕ ಓದಿದವರು ಸಾಮಾನ್ಯವಾಗಿ ಚಿಕ್ಕಪ್ಪನ ಕಡೆ ಬೆರಳು ತೋರಿಸುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಚಿಕ್ಕಪ್ಪ ಯಾರನ್ನೂ ಬೈಯುವುದಿಲ್ಲ, ಯಾರಿಗೂ ದುಡ್ಡು ಇಲ್ಲ ಅನ್ನುವುದಿಲ್ಲ. ಅವರನ್ನು ಆ ಎತ್ತರದಲ್ಲಿ ಕೂರಿಸಿದ್ದು ಮನೆಯವರು. ಅವರು ಎದ್ದ ಕೂಡಲೇ ಚಹಾ ಸಿದ್ಧವಾಗುತ್ತದೆ, ಅವರ ಮುಖ ನೋಡಿ ಊಟದ ಹೊತ್ತು ತೀರ್ಮಾನವಾಗುತ್ತದೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಕೈಯಲ್ಲಿ ಅವರಿಗಾಗಿ ಮಾಡಿ ತಂದ ಮಸೂರು ಬೇಳೆಯ ಸಾರಿನ ಡಬ್ಬಿ. ಅಮ್ಮ ಮತ್ತು ಅಕ್ಕ ಮಾಲತಿ ಅವಳ ಮೇಲೆ ಬೀಳುತ್ತಾರೆ. ಸಾರು ನೆಲದ ಪಾಲಾಗುತ್ತದೆ. ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ.

ಈ ಪುಟಗಳನ್ನು ನಾನು ಎರಡು ಸಲ ಓದಿದೆ. ಎರಡನೇ ಸಲ ಓದಿದಾಗ ಭಯ ಆಯಿತು. ಬೈಗುಳಕ್ಕೆ ಅಲ್ಲ. ಆ ಹೆಂಗಸರಿಗೆ ಯಾರೂ ಬೈಯಿರಿ ಅಂತ ಹೇಳಿಕೊಟ್ಟಿರಲಿಲ್ಲ. ಆ ಡಬ್ಬಿಯಲ್ಲಿ ಇದ್ದದ್ದು ಪ್ರೀತಿ ಅಂತ ಅವರಿಗೆ ಗೊತ್ತಾಗಿತ್ತು, ಅದಕ್ಕೇ ಅವರು ಅಷ್ಟು ಹೆದರಿದರು. ಚಿಕ್ಕಪ್ಪನಿಗೆ ಬೇರೆ ಸಂಸಾರ ಆದರೆ ದುಡ್ಡು ಆ ಕಡೆ ಹರಿಯುತ್ತದೆ, ಅಲ್ವಾ? ಅಷ್ಟು ಕ್ರೂರವಾದ ಕೆಲಸ ಮಾಡಿ ಅವರು ಒಳಗೆ ಬಂದು ಎಂದಿನಂತೆ ಇರುತ್ತಾರೆ. ಒಬ್ಬರನ್ನೊಬ್ಬರು ನಿಜವಾಗಿ ಪ್ರೀತಿಸುವ ಜನ ಇವರು. ಅದೇ ಇಲ್ಲಿ ನಿದ್ದೆ ಕೆಡಿಸುವ ವಿಷಯ.

ಸೊಸೆ ಅನಿತಾ ಮಾತ್ರ ಸುಮ್ಮನಿರುವುದಿಲ್ಲ. ನೀನು ದುಡಿಯದ ದುಡ್ಡಿನಲ್ಲಿ ಹೇಗೆ ಬದುಕುತ್ತೀಯ ಅಂತ ಅವಳು ಗಂಡನನ್ನು ಕೇಳುತ್ತಾಳೆ, ಬಾಗಿಲಿಗೆ ಬಂದ ಹೆಂಗಸಿಗೆ ಹಾಗೆ ಮಾಡಿದ್ದು ತಪ್ಪು ಅನ್ನುತ್ತಾಳೆ. ಜೊತೆಗೆ ಓದಿದ ಗೆಳತಿಯೊಬ್ಬಳಿಗೆ ಅನಿತಾ ಪಾತ್ರ ಸಾಲದು ಅನ್ನಿಸಿತ್ತು. ಅವಳ ಒಳಗಿನ ಮಾತು ನಮಗೆ ಸಿಗೋದೇ ಇಲ್ಲ, ಅದು ಬರೆದವರ ಕೊರತೆ ಅಂತ ಅವಳ ವಾದ. ನಾನು ಒಪ್ಪಲಿಲ್ಲ. ಕತೆ ಹೇಳುತ್ತಿರುವವನು ಗಂಡ. ಹೆಂಡತಿಯ ಮನಸ್ಸಿನಲ್ಲಿ ಏನಿದೆ ಅಂತ ನೋಡುವ ಧೈರ್ಯ ಅವನಿಗಿಲ್ಲ. ಅವನು ನೋಡದೇ ಇರುವುದನ್ನು ಲೇಖಕರು ತೋರಿಸಿಬಿಟ್ಟಿದ್ದರೆ ಪುಸ್ತಕ ಅಲ್ಲಿಗೇ ಸೋಲುತ್ತಿತ್ತು. ನೀವು ಓದಿ ಯಾರ ಕಡೆ ಅಂತ ಹೇಳಿ.

ಇದಾದ ಮೇಲೆ 'ಒಡಲಾಳ' ಕೈಗೆತ್ತಿಕೊಂಡೆ. ಹಳೆಯ ಪುಸ್ತಕ. ಕಾಲೇಜಿನಲ್ಲಿ ಇದ್ದಾಗ ಓದಿದ್ದೆ, ಆದರೆ ಈಗ ಓದಿದ್ದು ಬೇರೆಯದೇ ಪುಸ್ತಕ ಅನ್ನಿಸಿತು. ಸಾಕವ್ವ ಎಂಬ ಮುದುಕಿ. ಅವಳ ಕೋಳಿ ಕಾಣೆಯಾಗಿದೆ, ಅದನ್ನು ಹುಡುಕಿಕೊಂಡು ಅಲೆಯುತ್ತಾಳೆ. ಮನೆ ತುಂಬ ಮಕ್ಕಳು, ಮೊಮ್ಮಕ್ಕಳು, ಜಗಳ, ಹಸಿವು. ರಾತ್ರಿ ಮನೆಗೆ ಒಂದು ಮೂಟೆ ಕಡಲೆಕಾಯಿ ಬರುತ್ತದೆ. ಅದು ಊರಿನ ಉಳ್ಳವರಿಂದ ಕದ್ದದ್ದು. ಬೆಂಕಿಯ ಸುತ್ತ ಎಲ್ಲರೂ ಕೂರುತ್ತಾರೆ. ಸುಲಿಯುತ್ತಾರೆ, ತಿನ್ನುತ್ತಾರೆ, ಸಿಪ್ಪೆಯನ್ನು ಬೆಂಕಿಗೆ ಹಾಕುತ್ತಾರೆ. ಬೆಳಗಿನಿಂದ ಕಚ್ಚಾಡಿದವರೆಲ್ಲ ಆ ಹೊತ್ತಿನಲ್ಲಿ ಒಂದು. ಬೆಳಿಗ್ಗೆ ಪೊಲೀಸರು ಬಂದು ಮನೆ ಜಾಲಾಡಿದರೆ ಸಿಗುವುದಕ್ಕೆ ಏನೂ ಉಳಿದಿಲ್ಲ.

ಕನ್ನಡದಲ್ಲಿ ಊಟದ ಬಗ್ಗೆ ಬಂದಿರುವ ಬರಹಗಳಲ್ಲಿ ಇದಕ್ಕಿಂತ ಸಂಭ್ರಮದ ಇನ್ನೊಂದನ್ನು ನಾನು ಓದಿಲ್ಲ. ಬಡತನದ ಬಗ್ಗೆ ಬರೆಯುವವರು ಓದುಗರ ಕಣ್ಣಲ್ಲಿ ನೀರು ತರಿಸಲು ನೋಡುತ್ತಾರೆ. ಮಹಾದೇವರು ಹಾಗೆ ಮಾಡುವುದಿಲ್ಲ. ಆ ಜನ ತಿನ್ನುವ ಖುಷಿಯನ್ನು ಹಾಗೇ ನಮ್ಮ ಮುಂದೆ ಇಡುತ್ತಾರೆ. ಅದನ್ನು ಓದಿ ನಗುತ್ತಾ ಇರುವಾಗಲೇ, ಕದ್ದು ತಿಂದರೆ ಮಾತ್ರ ಹೊಟ್ಟೆ ತುಂಬುವ ಮನೆ ಇದು ಅನ್ನೋದು ನೆನಪಾಗಿ ಗಂಟಲು ಕಟ್ಟುತ್ತದೆ. ಹುಡುಗಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಇಷ್ಟು ಹಸಿವಿನ ಮನೆಯಲ್ಲಿ ಆ ನವಿಲಿಗೆ ಜಾಗ ಇದೆ. ದುಡ್ಡು ಬಂದ ಮೇಲಿನ ಬೆಂಗಳೂರಿನ ಆ ದೊಡ್ಡ ಮನೆಯಲ್ಲಿ ಇಂಥ ಒಂದೇ ಒಂದು ವಸ್ತು ನನಗೆ ಕಾಣಲಿಲ್ಲ.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಸಾಕವ್ವನ ಮನೆಯಲ್ಲಿ ಕದ್ದದ್ದು ಎಲ್ಲರಿಗೂ ಗೊತ್ತು, ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ, ಮುಚ್ಚಿಡುವುದು ಪೊಲೀಸರಿಂದ ಮಾತ್ರ. ಚಿಕ್ಕಪ್ಪನ ಮನೆಯಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ, ಯಾರನ್ನು ಹೆದರಿಸಿ ನಡೆಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಅವರು ಮುಚ್ಚಿಡುವುದು ತಮ್ಮಿಂದಲೇ. ನನ್ನ ಮಟ್ಟಿಗೆ ಹೆಚ್ಚು ನೈತಿಕವಾದ ಮನೆ ಸಾಕವ್ವನದು. ಇದನ್ನು ಯಾರ ಮುಂದೆ ಬೇಕಾದರೂ ಹೇಳ್ತೀನಿ.

ಭಾಷೆಯ ಬಗ್ಗೆ ಒಂದು ಮಾತು. ಮಹಾದೇವರ ಊರು ದೇವನೂರು ಇರುವುದು ನಂಜನಗೂಡು ತಾಲ್ಲೂಕಿನಲ್ಲಿ. ಪುಸ್ತಕದ ಮಾತೂ ಆ ಸೀಮೆಯದೇ. ಮಲೆನಾಡಿನವರಿಗೆ, ಉತ್ತರ ಕರ್ನಾಟಕದವರಿಗೆ ಮೊದಲ ಕೆಲವು ಪುಟ ಕಷ್ಟ ಆಗಬಹುದು. ಗಟ್ಟಿಯಾಗಿ ಓದಿ. ಕಣ್ಣಿಗೆ ಅರ್ಥವಾಗದ್ದು ಕಿವಿಗೆ ತಾನಾಗಿ ಅರ್ಥ ಆಗುತ್ತದೆ. ಪುಸ್ತಕ ಹಿಡಿಸಿದರೆ ಅವರ 'ಕುಸುಮಬಾಲೆ'ಗೆ ಹೋಗಿ. ಆದರೆ ಅದನ್ನು ಮೊದಲು ಓದಬೇಡಿ. ಅದಕ್ಕೆ ಬಿಡುವು ಬೇಕು.

ಬಾನು ಮುಷ್ತಾಕ್ ಅವರ ಕತೆಗಳನ್ನು ನಾನು ತಡವಾಗಿ ಓದಿದೆ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಷ್ಟೋ ಜನ ಮಾಡಿದ ಹಾಗೆ ನಾನೂ ಮೂಲ ಕತೆಗಳನ್ನು ಹುಡುಕಿಕೊಂಡು ಹೋದೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ನಲ್ಲಿ 12 ಕತೆ ಇವೆ. ಕನ್ನಡದಲ್ಲಿ ಅವು 1990ರಿಂದ 2023ರವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವು. ಹಾಸನದಲ್ಲಿ ವಕೀಲಿಕೆ ಮಾಡಿಕೊಂಡು, ತಮ್ಮ ಹತ್ತಿರ ಬಂದ ಹೆಣ್ಣುಮಕ್ಕಳ ಮಾತು ಕೇಳಿಸಿಕೊಂಡು ಬರೆದವರು ಅವರು. ಅದು ಕತೆಗಳಲ್ಲಿ ಗೊತ್ತಾಗುತ್ತದೆ. ಯಾರಿಗೆ ಯಾವ ಹಕ್ಕು ಇದೆ, ಅದು ಸಿಗದಂತೆ ಯಾರು ಅಡ್ಡ ನಿಲ್ಲುತ್ತಾರೆ ಅನ್ನುವುದು ಅವರ ಕತೆಗಳಲ್ಲಿ ಬಹಳ ಸ್ಪಷ್ಟ.

'ಎದೆಯ ಹಣತೆ' ಎಂಬ ಕತೆಯಲ್ಲಿ ಮೆಹರುನ್ ಹಸುಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಅಣ್ಣಂದಿರು ಅವಳನ್ನು ಉಳಿಸಿಕೊಳ್ಳುವುದಿಲ್ಲ, ಮರ್ಯಾದೆಯ ಮಾತಾಡಿ ವಾಪಸ್ಸು ಕರೆದುಕೊಂಡು ಹೋಗಿ ಬಿಡುತ್ತಾರೆ. ಇದನ್ನು ಓದುವಾಗ ನನಗೆ 'ಘಾಚರ್ ಘೋಚರ್'ನ ಮಾಲತಿ ನೆನಪಾದಳು. ಅವಳೂ ಗಂಡನನ್ನು ಬಿಟ್ಟು ಬಂದವಳೇ. ಆದರೆ ಒಡವೆ ತರಲು ಹೋಗುವಾಗ ಅವಳ ಜೊತೆ ಚಿಕ್ಕಪ್ಪನ ಕಡೆಯ ಗಟ್ಟಿ ಆಳುಗಳಿದ್ದರು. ಒಬ್ಬಳಿಗೆ ತವರಿನ ದುಡ್ಡು ಬೆನ್ನಿಗಿದೆ, ಇನ್ನೊಬ್ಬಳಿಗೆ ತವರೇ ಇಲ್ಲ. ಮೆಹರುನ್ ಸೀಮೆಎಣ್ಣೆ ಸುರಿದುಕೊಂಡಾಗ ಅವಳನ್ನು ತಡೆಯುವುದು ಮಗಳು ಸಲ್ಮಾ, ಅಣ್ಣಂದಿರಲ್ಲ, ಊರಲ್ಲ. ಆ ಹುಡುಗಿ ಅಮ್ಮನ ಕಾಲು ಹಿಡಿದು ಬೇಡುವ ಭಾಗ ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ.

'ಕರಿ ನಾಗರಗಳು' ಕತೆಯನ್ನೂ ಬಿಡಬೇಡಿ. ಮೂರು ಹೆಣ್ಣು ಹೆತ್ತಳು ಅಂತ ಗಂಡ ಕೈಬಿಟ್ಟ ಅಶ್ರಫ್ ನ್ಯಾಯ ಕೇಳಲು ಮುತವಲ್ಲಿಯ, ಅಂದರೆ ಮಸೀದಿಯ ಆಡಳಿತ ನೋಡಿಕೊಳ್ಳುವವನ, ಹತ್ತಿರ ಹೋಗುತ್ತಾಳೆ. ಗಿರೀಶ್ ಕಾಸರವಳ್ಳಿ ಇದನ್ನೇ 2004ರಲ್ಲಿ 'ಹಸೀನಾ' ಮಾಡಿದರು, ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾ ನೋಡಿದ್ದರೂ ಕತೆ ಓದಿ. ಕತೆಯಲ್ಲಿ ಮುತವಲ್ಲಿಯ ಹೆಂಡತಿ ಅಮೀನಾ ಕೊನೆಗೆ ತನ್ನ ಮೈಯ ಬಗ್ಗೆ ತಾನೇ ಒಂದು ತೀರ್ಮಾನ ಮಾಡುತ್ತಾಳೆ. ಇಷ್ಟು ಸಣ್ಣ ತೀರ್ಮಾನ, ಆದರೆ ಇಡೀ ಬೀದಿಯಲ್ಲಿ ಗಂಡಸರು ಹೇಳಿದ್ದಕ್ಕೆ ತಲೆಯಾಡಿಸದ ಮೊದಲ ಹೆಜ್ಜೆ ಅದು.

ಎಲ್ಲ ಕತೆಗಳೂ ಇದೇ ಎತ್ತರದಲ್ಲಿ ಇಲ್ಲ. ಕೆಲವು ಕಡೆ ಪಾತ್ರಗಳು ಹೇಳಬೇಕಾದ್ದನ್ನು ಲೇಖಕಿಯೇ ಮುಂದೆ ಬಂದು ಹೇಳುತ್ತಾರೆ. ಮಹಾದೇವರನ್ನು ಆಗಷ್ಟೇ ಓದಿ ಮುಗಿಸಿದ್ದಕ್ಕೋ ಏನೋ, ನನಗೆ ಅದು ಎದ್ದು ಕಂಡಿತು. ಆದರೆ 'ಕೆಂಪು ಲುಂಗಿ'ಯಂಥ ಕತೆಯಲ್ಲಿ ಅವರು ತಮಾಷೆಯಾಗಿ ಶುರು ಮಾಡುತ್ತಾರೆ. ಬೇಸಿಗೆ ರಜೆ, ಮನೆ ತುಂಬ ಮಕ್ಕಳು, ಸಾಮೂಹಿಕ ಸುನ್ನತಿ. ಹಾಗೆ ನಗಿಸುತ್ತಲೇ ಬಡವರ ಹುಡುಗ ಮತ್ತು ಉಳ್ಳವರ ಹುಡುಗನ ನಡುವಿನ ಅಂತರವನ್ನು ತೋರಿಸುತ್ತಾರೆ. ಭಾಷಣ ಇಲ್ಲ. ಈ ಬಗೆಯ ಬಾನು ಮುಷ್ತಾಕ್ ನನಗೆ ಹೆಚ್ಚು ಇಷ್ಟ. ಪ್ರಶಸ್ತಿ ಬಂದ ಕಾರಣಕ್ಕೆ ಹೊಗಳುವವರೂ ತೆಗಳುವವರೂ ಕತೆ ಓದಿಯೇ ಮಾತಾಡಲಿ ಅಂತ ನನ್ನ ಆಸೆ. ಇಬ್ಬರಿಗೂ ಅಲ್ಲಿ ನಿರೀಕ್ಷೆ ಮಾಡದ್ದು ಸಿಗುತ್ತದೆ.

ಇದರ ನಡುವೆ ಕಾರಂತರ 'ಮೂಕಜ್ಜಿಯ ಕನಸುಗಳು' ಮತ್ತೆ ತಿರುವಿ ಹಾಕಿದೆ. 1968ರಲ್ಲಿ ಬಂದ ಪುಸ್ತಕ, 1977ರಲ್ಲಿ ಜ್ಞಾನಪೀಠ. ಅಜ್ಜಿ ವಸ್ತುಗಳನ್ನು ಮುಟ್ಟಿ ಹಳೆಯ ಕಾಲವನ್ನು ಕಾಣುವ ಭಾಗಗಳನ್ನೇ ಎಲ್ಲರೂ ಹೊಗಳುತ್ತಾರೆ. ನನಗೆ ಅವು ಈ ಸಲ ಉದ್ದವಾದವು. ಬಾಲ್ಯದಲ್ಲೇ ವಿಧವೆಯಾಗಿ ಇನ್ನೊಬ್ಬರ ಮನೆಯಲ್ಲಿ ಇಡೀ ಜೀವಮಾನ ಕಳೆದ ಹೆಂಗಸು, ಕಾದಂಬರಿಯಲ್ಲಿ ಬರುವ ನಾಗಿ ಎಂಬ ಹೆಂಗಸಿನಂಥವರ ಬದುಕಿನ ಬಗ್ಗೆ ಊರಿನವರಿಗಿಂತ ದೊಡ್ಡ ಮನಸ್ಸಿನಿಂದ ಮಾತಾಡುತ್ತಾಳಲ್ಲ, ಆ ಭಾಗಗಳಿಗೆ ಮಾತ್ರ ಮತ್ತೆ ಮತ್ತೆ ಹೋದೆ. ಇದು ನಿಮ್ಮ ಸಣ್ಣ ಪುಸ್ತಕದ ಲೆಕ್ಕಕ್ಕೆ ಬರೋದಿಲ್ಲ, ಆಮೇಲೆ ಓದಿ.

ಎಲ್ಲಿಂದ ಶುರು ಮಾಡಬೇಕು ಅಂದರೆ, ನಾನು ಓದಿದ್ದಕ್ಕೆ ಉಲ್ಟಾ ಮಾಡಿ. ಮೊದಲು ಬಾನು ಮುಷ್ತಾಕ್ ಅವರ ಒಂದೊಂದೇ ಕತೆ, ಬಸ್ಸಿನಲ್ಲೋ ಊಟದ ಬಿಡುವಿನಲ್ಲೋ. ಒಂದೇ ಸಲ ಎಲ್ಲ ಓದಬೇಡಿ, ಭಾರ ಆಗುತ್ತದೆ. ಆಮೇಲೆ 'ಒಡಲಾಳ', ಒಂದು ಭಾನುವಾರ ಗಟ್ಟಿಯಾಗಿ. ಕೊನೆಗೆ 'ಘಾಚರ್ ಘೋಚರ್'. ಅದರ ಕೊನೆಯ ಪುಟಗಳನ್ನು ನಿಧಾನವಾಗಿ ಓದಿ, ಸುಮ್ನೆ ಹೇಳಿದ ಹಾಗಿರುವ ಮಾತುಗಳನ್ನೂ ಬಿಡದೆ. ಏನಾಯಿತು ಅಂತ ಲೇಖಕರು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಗೆಳತಿಗೂ ನನಗೂ ಅದರ ಬಗ್ಗೆ ಇನ್ನೂ ಒಮ್ಮತ ಆಗಿಲ್ಲ. ಏನೋ ಕೆಟ್ಟದ್ದು ನಡೆದೇಹೋಗಿದೆ ಅಂತ ನಾನು, ನಿರೂಪಕನ ತಪ್ಪಿತಸ್ಥ ಮನಸ್ಸು ಹೆದರುತ್ತಿದೆ ಅಷ್ಟೇ ಅಂತ ಅವಳು. ಓದಿ ಮುಗಿಸಿದ ಮೇಲೆ ನಿಮಗೇನನ್ನಿಸಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಅವಳಿಗೂ ತೋರಿಸ್ತೀನಿ.