ಪಾಂಪ್ಲೆಟ್ ಕೆಳಗಡೆ ಪ್ರೆಸ್ ಹೆಸ್ರು ಇದ್ಯಾ ನೋಡಿ

ಪ್ರಶ್ನೆ: ಸರ್, ಕಳೆದ ಅಸೆಂಬ್ಲಿ ಎಲೆಕ್ಷನ್ ಟೈಮಲ್ಲಿ ನಮ್ಮ ಕಡೆ ಒಬ್ಬ ಕ್ಯಾಂಡಿಡೇಟ್ ಸಂಸಾರದ ಬಗ್ಗೆ ಕೆಟ್ಟಕೆಟ್ಟದಾಗಿ ಬರ್ದು ರಾತ್ರೋರಾತ್ರಿ ಮನೆಮನೆಗೆ ಪಾಂಪ್ಲೆಟ್ ಹಾಕಿದ್ರು. ಪೇಸಿಎಂ ಪೋಸ್ಟರೂ ಇದೇ ಜಾತಿ ಅಲ್ವಾ? ಚುನಾವಣಾ ಆಯೋಗಕ್ಕೆ ದೂರು ಕೊಟ್ರೆ ಏನಾದ್ರೂ ಆಗುತ್ತಾ?
- ಓದುಗರು, ದಾವಣಗೆರೆ

ಉತ್ತರ: ಎರಡೂ ಬೇರೆಬೇರೆ. ಆಗಿನ ಸಿಎಂ ಬೊಮ್ಮಾಯಿಯವರ ಫೋಟೋಗೆ ಕ್ಯೂಆರ್ ಕೋಡ್ ಸೇರ್ಸಿ ಕಾಂಗ್ರೆಸ್‌ನೋರು ಬೆಂಗಳೂರಲ್ಲಿ ಪೇಸಿಎಂ ಪೋಸ್ಟರ್ ಅಂಟಿಸಿದ್ದು 2022ರ ಸೆಪ್ಟೆಂಬರಲ್ಲಿ, ಆಗ ಎಲೆಕ್ಷನ್ ಡಿಕ್ಲೇರೇ ಆಗಿರ್ಲಿಲ್ಲ, ನೀತಿಸಂಹಿತೆನೂ ಇರ್ಲಿಲ್ಲ, ಪೊಲೀಸ್ರು ಕೇಸ್ ಹಾಕಿ ಕೆಲವ್ರನ್ನ ಎತ್ತಾಕ್ಕೊಂಡು ಹೋದ್ರು ಅಷ್ಟೆ. ಅದು 40 ಪರ್ಸೆಂಟ್ ಕಮಿಷನ್ ಅಂತ ಸರ್ಕಾರದ ಮೇಲೆ ಹೊರಿಸಿದ ಆರೋಪ, ನಿಜವೋ ಸುಳ್ಳೋ ಬೇರೆ ಮಾತು, ಆದ್ರೆ ಮನೆ ಒಳಗಿನ ವಿಷ್ಯ ಅಲ್ಲ.

ಆಯೋಗದ ಕಡೆಯಿಂದ ಏನಾಗುತ್ತೆ ಅಂದ್ರೆ, ನೋಟಿಸ್ ಅಂತೂ ಬರುತ್ತೆ. 2023ರ ಮೇ 5ಕ್ಕೆ ಕಾಂಗ್ರೆಸ್ ಪೇಪರ್‌ಗಳಲ್ಲಿ ಭ್ರಷ್ಟಾಚಾರದ ರೇಟ್ ಕಾರ್ಡ್ ಅಂತ ಜಾಹೀರಾತು ಕೊಡ್ತು, ಬಿಜೆಪಿಯೋರು ದೂರು ಕೊಟ್ರು, ಮಾರನೇ ದಿನಾನೇ ಆಯೋಗ ಡಿಕೆ ಶಿವಕುಮಾರ್‌ಗೆ ನೋಟಿಸ್ ಕಳಿಸಿ ಮೇ 7ರ ಸಂಜೆ 7 ಗಂಟೆ ಒಳಗೆ ಸಾಕ್ಷಿ ಕೊಡಿ ಅಂತು. ಮೇ 10ಕ್ಕೆ ವೋಟಿಂಗ್ ಮುಗೀತು. ಬಿಜೆಪಿಯೋರು ಹಾಕಿದ ಮಾನನಷ್ಟ ಕೇಸಲ್ಲಿ ಸಿದ್ದರಾಮಯ್ಯ, ಡಿಕೆಶಿ, ರಾಹುಲ್ ಗಾಂಧಿ ಬೆಂಗಳೂರು ಕೋರ್ಟಿಗೆ ಬಂದು ಬೇಲ್ ತಗೊಂಡಿದ್ದು 2024ರ ಜೂನಲ್ಲಿ, ಅಷ್ಟೊತ್ತಿಗೆ ಹೊಸ ಸರ್ಕಾರಕ್ಕೆ ವರ್ಷ ತುಂಬಿತ್ತು! ಬೈಗುಳದ ವಿಷ್ಯದಲ್ಲೂ ಅಷ್ಟೇ, ಮಲ್ಲಿಕಾರ್ಜುನ ಖರ್ಗೆಯವರು ಮೋದಿಗೆ ವಿಷದ ಹಾವು ಅಂದ್ರು, ಬಿಜೆಪಿಯ ಯತ್ನಾಳ್ ಸೋನಿಯಾಗೆ ವಿಷಕನ್ಯೆ ಅಂದ್ರು, ಪ್ರಿಯಾಂಕ್ ಖರ್ಗೆ ಪ್ರಧಾನಿಗೆ ನಾಲಾಯಕ್ ಅಂದ್ರು, ಯತ್ನಾಳ್‌ಗೂ ಪ್ರಿಯಾಂಕ್‌ಗೂ ನೋಟಿಸ್ ಹೋಯ್ತು, ಪ್ರಚಾರ ಏನೂ ನಿಲ್ಲಲಿಲ್ಲ. ನನ್ನ ಕೇಳಿದ್ರೆ ನೋಟಿಸ್ ಬಂದ ಸುದ್ದಿನೇ ಇವ್ರಿಗೆ ಇನ್ನೊಂದು ಫ್ರೀ ಪಬ್ಲಿಸಿಟಿ.

ಈಗ ನಿಮ್ಮ ಪಾಂಪ್ಲೆಟ್‌ಗೆ ಬರೋಣ. ಅದನ್ನ ಹರಿದು ಬಿಸಾಕ್ಬೇಡಿ, ತೀರಾ ಕೆಳಗಡೆ ಸಣ್ಣ ಅಕ್ಷರದಲ್ಲಿ ಪ್ರೆಸ್ ಹೆಸ್ರು, ಊರು, ಪ್ರಕಾಶಕರ ಹೆಸ್ರು ಇದ್ಯಾ ನೋಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಅದು ಇರ್ಲೇಬೇಕು, ಪ್ರಿಂಟ್ ಹಾಕಿಸೋನು ಇಬ್ಬರು ಪರಿಚಯಸ್ಥರ ಸಾಕ್ಷಿ ಹಾಕ್ಸಿ ಪ್ರೆಸ್‌ನೋರಿಗೆ ಡಿಕ್ಲರೇಷನ್ ಬರ್ಕೊಡ್ಬೇಕು, ಪ್ರೆಸ್‌ನೋರು ಅದ್ರ ಕಾಪಿ ಅಧಿಕಾರಿಗಳಿಗೆ ಕಳಿಸ್ಬೇಕು. ಹೆಸ್ರೇ ಇಲ್ಲ ಅಂದ್ರೆ ಒಳಗೆ ಬರ್ದಿರೋದು ನಿಜವೋ ಸುಳ್ಳೋ ಅನ್ನೋ ಜಗಳನೇ ಬೇಡ, ಹಾಗೆ ಪ್ರಿಂಟ್ ಮಾಡಿದ್ದೇ ಅಪರಾಧ. ಶಿಕ್ಷೆ ಮಾತ್ರ ಆರು ತಿಂಗಳವರೆಗೆ ಜೈಲು ಇಲ್ಲಾ 2000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ (ಎರಡು ಸಾವ್ರ ಅಂದ್ರೆ ಕಾರ್ಯಕರ್ತರ ಒಂದು ರೌಂಡ್ ಬಿರಿಯಾನಿಗೂ ಸಾಲಲ್ಲ ಬಿಡಿ). ಮುಂದಿನ ಸಲ ಬಂದ್ರೆ ಅಲ್ಲೇ ನಿಂತು ಆಯೋಗದ ಸಿ-ವಿಜಿಲ್ ಆಪಲ್ಲಿ ಫೋಟೋ ತೆಗೀರಿ, ಗ್ಯಾಲರಿಲಿರೋ ಹಳೇ ಫೋಟೋ ಅದು ತಗೊಳಲ್ಲ. 100 ನಿಮಿಷದಲ್ಲಿ ಕ್ರಮ ಅಂತ ಲೆಕ್ಕ.

ಸಂಸಾರದ ಬಗ್ಗೆ ಗೊತ್ತಿದ್ದೂ ಸುಳ್ಳು ಬರ್ದಿದ್ರೆ ಅದೇ ಕಾಯ್ದೆಯ ಸೆಕ್ಷನ್ 123(4) ಇದೆ. ರಿಸಲ್ಟ್ ಬಂದು 45 ದಿನದೊಳಗೆ ಹೈಕೋರ್ಟಲ್ಲಿ ಚುನಾವಣಾ ತಕರಾರು ಅರ್ಜಿ ಹಾಕ್ಬೇಕು, ಸೋತ ಕ್ಯಾಂಡಿಡೇಟೇ ಹಾಕ್ಬೇಕು ಅಂತಿಲ್ಲ, ಆ ಕ್ಷೇತ್ರದ ಮತದಾರರೂ ಹಾಕ್ಬೋದು. ಗೆದ್ದೋನೋ ಅವನ ಏಜೆಂಟೋ ಮಾಡಿದ್ದು, ಇಲ್ಲಾ ಅವ್ರ ಒಪ್ಪಿಗೆ ಮೇಲೇ ಆಗಿದ್ದು ಅಂತ ಪ್ರೂವ್ ಆದ್ರೆ ಗೆಲುವೇ ರದ್ದು. ಪ್ರೂವ್ ಮಾಡೋದ್ರಲ್ಲೇ ಸುಸ್ತಾಗೋದು, ಯಾಕಂದ್ರೆ ಇಂಥ ಕೆಲ್ಸಕ್ಕೆ ಯಾರೂ ರಸೀದಿ ಇಟ್ಕೊಂಡಿರಲ್ಲ.

ಪ್ರಶ್ನೆ: ವೋಟಿಂಗ್ ದಿನ ಬೆಳಿಗ್ಗೆ ಪೇಪರಲ್ಲಿ ಇಂಥ ಜಾಹೀರಾತು ಹಾಕ್ಬೋದಾ?
- ಓದುಗರು, ಹಾಸನ

ಉತ್ತರ: ಆವತ್ತೂ ಅದರ ಹಿಂದಿನ ದಿನಾನೂ ಎಂಸಿಎಂಸಿ ಅನ್ನೋ ಕಮಿಟಿ ಮೊದ್ಲೇ ನೋಡಿ ಓಕೆ ಅಂದ್ರೆ ಮಾತ್ರ. ರೇಟ್ ಕಾರ್ಡ್ ಬಂದಿದ್ದು ವೋಟಿಂಗ್‌ಗೆ ಐದು ದಿನ ಮುಂಚೆ, ಆ ರೂಲ್ ಅದಕ್ಕೆ ತಗುಲ್ಲೇ ಇಲ್ಲ.